ಬಿಳಿಗುಂಡ್ಲುವಿನಿಂದ ಹೊಗೇನಕಲ್ಲಿಗೆ: ಕಾವೇರಿಯ ಲೆಕ್ಕದಲ್ಲಿ ಮೀನಿನ ಪಾಲು

ಹೊಸೂರಿನಿಂದ ದೆಂಕಣಿಕೋಟೆ, ಅಂಚೆಟ್ಟಿ ದಾಟಿ ಕಾಡಿನ ದಾರಿಯಲ್ಲಿ ಇಳಿದರೆ ಕಾವೇರಿ ನದಿ ಸಿಗುತ್ತದೆ. ಈ ಭಾಗದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಅಂಗಡಿಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಸಾಮಾನು ಸಿಗುತ್ತದೆ. ನದಿಯ ಎಡದಂಡೆ ತಮಿಳುನಾಡು, ಬಲದಂಡೆ ಕರ್ನಾಟಕ. ಮುಂದೆ ಸಿಗುವ ಹೊಗೇನಕಲ್ ಜಲಪಾತದ ಹೆಸರಿನಲ್ಲೇ ನಮ್ಮ ಹೊಗೆಯೂ ಇದೆ, ಕಲ್ಲೂ ಇದೆ.

ಬಿಳಿಗುಂಡ್ಲು ಎಂಬ ಹೆಸರನ್ನು ದಿನಪತ್ರಿಕೆ ಓದುವವರೆಲ್ಲ ಕೇಳಿದ್ದಾರೆ. ಕರ್ನಾಟಕದಿಂದ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ತಕ್ಕಡಿ ಇರುವುದು ಇಲ್ಲೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ವರ್ಷಕ್ಕೆ 177.25 ಟಿ.ಎಂ.ಸಿ. ನೀರು ಇಲ್ಲಿ ದಾಟಬೇಕು. ತಿಂಗಳಿಗೆ ಇಷ್ಟೆಂದು ಪಟ್ಟಿಯೂ ಇದೆ. ನಾವು ವ್ಯಾಪಾರಸ್ಥರು, ಪಟ್ಟಿ ಕಂಡರೆ ಒಳಗಿನ ಬಾಬತ್ತುಗಳನ್ನು ನೋಡದೆ ಬಿಡುವುದಿಲ್ಲ. ಒಟ್ಟು 740 ಟಿ.ಎಂ.ಸಿ.ಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಅನಿವಾರ್ಯವಾಗಿ ಸಮುದ್ರ ಸೇರುವುದು 4. ಉಳಿದ 10 ಟಿ.ಎಂ.ಸಿ. ಪರಿಸರ ರಕ್ಷಣೆಯ ಬಾಬತ್ತು. ನೂರು ರೂಪಾಯಿಯಲ್ಲಿ ಒಂದೂವರೆ ರೂಪಾಯಿಗೂ ಕಡಿಮೆ. ಮೀನು, ಆಮೆ, ಮೊಸಳೆ, ನೀರುನಾಯಿ ಎಲ್ಲವೂ ಅದರಲ್ಲೇ ಸಂಸಾರ ನಡೆಸಬೇಕು.

ಈ ನದಿಯಷ್ಟು ಕಟ್ಟುಹಾಕಿಸಿಕೊಂಡ ನದಿ ದಕ್ಷಿಣದಲ್ಲಿ ಕಡಿಮೆ. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ತು ತಯಾರಾಗುತ್ತಿದೆ. ಮೇಲೆ ಕನ್ನಂಬಾಡಿ, ಕಬಿನಿ ಅಣೆಕಟ್ಟುಗಳು. ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು. ಇವುಗಳ ನಡುವೆ ಬಂಡೆ, ಮಡುಗಳ ನಡುವೆ ಕಾವೇರಿ ಇನ್ನೂ ನದಿಯಾಗಿ ಹರಿಯುವುದು ಈ ಕಾಡಿನ ತುಂಡಿನಲ್ಲಿ. ಆದರೆ ಇಲ್ಲಿಯೂ ಮೇಲಿನವರು ಬಾಗಿಲು ತೆರೆದರೆ ಹೊಳೆ, ಮುಚ್ಚಿದರೆ ಬಂಡೆ.

ಈ ತುಂಡಿನ ರಾಜ ಡುಬ್ಬದ ಮಹಶೀರ್ ಮೀನು. ಬೆನ್ನು ಗೂನಿನಂತೆ ಎತ್ತರ, ರೆಕ್ಕೆ ಬಾಲಗಳಿಗೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಕ್ಕಿ ಮೂಟೆಯಷ್ಟು! ಮಳೆಗಾಲದ ಹೊಸ ನೀರಿಗೆ ಮೇಲೇರಿ ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆಯಿಡುವ ಜಾತಿ ಇದು. ಬೇಸಿಗೆಯಲ್ಲಿ ಆಳದ ಮಡು ಬೇಕು. ಅಣೆಕಟ್ಟು ಅದರ ದಾರಿ ಕಡಿಯಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಮಡುಗಳನ್ನು ಖಾಲಿ ಮಾಡಿದರು.

1970ರ ದಶಕದಲ್ಲಿ ಎರಡು ಕೆಲಸ ಶುರುವಾದವು. ಗಾಳದ ಹವ್ಯಾಸಿಗಳು ನದಿಯ ಕೆಲವು ಭಾಗಗಳನ್ನು ಗುತ್ತಿಗೆ ಪಡೆದು ಕಾವಲಿಟ್ಟರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ನಿಯಮ. ಆಮೇಲೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳೂ ಬಂದವು. ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಕಾವಲುಗಾರರಾದರು. ಬಾಯಿಗೆ ಕೊಕ್ಕೆ ಚುಚ್ಚಿ ಬಿಡುವುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ, ಅದು ಹಿಂಸೆಯೇ. ಆದರೂ ಮುಂದಿನ ಕಥೆ ತಿಳಿದದ್ದು ಅವರು ಬರೆದಿಟ್ಟ ಲೆಕ್ಕದಿಂದ ಎಂಬುದನ್ನು ಹೇಳದಿರುವುದು ಸರಿಯಲ್ಲ.

ಎರಡನೆಯದು, ನದಿಗೆ ಮೀನುಮರಿ ಬಿಡುವ ಕೆಲಸ. ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳು ಕಾವೇರಿಗೆ ಬಂದವು. ಉದ್ದೇಶ ಒಳ್ಳೆಯದೇ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಟ್ಟರಾಯಿತು ಎಂಬ ಭಾವನೆ. ಆದರೆ ಬಿಟ್ಟದ್ದು ಬೇರೆ ಜಾತಿ.

ಗಾಳಿಬೋರೆಯ 1998ರಿಂದ 2012ರವರೆಗಿನ ಪುಸ್ತಕವನ್ನು ವಿಜ್ಞಾನಿಗಳು ಆಮೇಲೆ ತಾಳೆ ನೋಡಿದರು. 6,000ಕ್ಕೂ ಹೆಚ್ಚು ಮೀನುಗಳ ದಾಖಲೆ ಅದರಲ್ಲಿತ್ತು. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ತೂಕ ಇಳಿದಿತ್ತು. ಮೇಲುನೋಟಕ್ಕೆ ಲಾಭದ ಖಾತೆ. ಒಳಗೆ ನೋಡಿದರೆ ಏರಿದ್ದೆಲ್ಲ ನೀಲಿರೆಕ್ಕೆಯದು. ಡುಬ್ಬದ ಮೀನು ಹೆಚ್ಚುಕಡಿಮೆ ಮಾಯ. ಗೋದಾಮು ತುಂಬಿದೆ ಎಂದು ನೆಮ್ಮದಿಯಾಗಿದ್ದು, ಚೀಲ ಬಿಚ್ಚಿದರೆ ಮಾಲೇ ಬೇರೆ ಆದಂತೆ.

ಇನ್ನೂ ವಿಚಿತ್ರವೆಂದರೆ ಲೋಕಪ್ರಸಿದ್ಧವಾದ ಈ ಮೀನಿಗೆ ಅಷ್ಟು ದಿನ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೇಮಾದೇವಿಯೇ ಇದು ಎಂದು 2018ರಲ್ಲಿ ತೀರ್ಮಾನಿಸಿದರು. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹೆಸರಿಲ್ಲದವನ ಅರ್ಜಿಯನ್ನು ಕಚೇರಿಯಲ್ಲಿ ಯಾರು ತೆಗೆದುಕೊಳ್ಳುತ್ತಾರೆ?

ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತೊಂದಿದೆ. ಪುಣ್ಯತಿಥಿಗೋ ಮಗುವಿನ ಹುಟ್ಟುಹಬ್ಬಕ್ಕೋ ಪೇಟೆಯಿಂದ ಜೀವಂತ ಮೀನು ಕೊಂಡು ಹೊಳೆಗೆ, ಕೆರೆಗೆ ಬಿಡುವ ಪದ್ಧತಿ ಕೆಲವರಲ್ಲಿದೆ. ಪೇಟೆಯಲ್ಲಿ ಜೀವಂತ ಸಿಗುವುದು ಹೆಚ್ಚಾಗಿ ಸಾಕಣೆಯ ಮೀನು. ಅದರಲ್ಲಿ ತಿಲಾಪಿಯಾ ಇರಬಹುದು, ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು. ಎರಡನೆಯದರ ಸಾಕಣೆಯನ್ನು ಸರ್ಕಾರ 2000ದಲ್ಲೇ ನಿಷೇಧಿಸಿದೆ. ಅದು ಕೈಗೆ ಸಿಕ್ಕ ಸಣ್ಣ ಮೀನನ್ನೆಲ್ಲ ನುಂಗುವ ಜಾತಿ. ಒಂದು ಜೀವಕ್ಕೆ ಕೊಟ್ಟ ಅಭಯ ನೂರು ಜೀವಕ್ಕೆ ಭಯವಾಗುತ್ತದೆ. ಆ ಹಣಕ್ಕೆ ಗೋಶಾಲೆ, ಪಾಂಜರಪೋಳಗಳು ಇದ್ದೇ ಇವೆ.

ಹೊಗೇನಕಲ್ಲಿನಲ್ಲಿ ಹರಿಗೋಲಿನ ಪಯಣ ಬಲು ಸೊಗಸು. ನೀರು ಹೆಚ್ಚು ಬಿಟ್ಟ ದಿನ ಹರಿಗೋಲು ನಿಲ್ಲಿಸುತ್ತಾರೆ, ಮೊದಲೇ ವಿಚಾರಿಸಿ ಹೊರಡಬೇಕು. ಅಂಬಿಗರು ದಂಡೆಯ ಹೊಳೆಮತ್ತಿ ಮರಗಳನ್ನು ತೋರಿಸುತ್ತಾರೆ. ಇಲ್ಲಿನ ಹೊಳೆದಂಡೆಯ ಕಾಡಿನಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಮರದಿಂದ ಮರಕ್ಕೆ ಹಾರಿಕೊಂಡೇ ಬದುಕುತ್ತದೆ. ಸಾಲಿನಲ್ಲಿ ನಾಲ್ಕು ಮರ ಕಡಿದರೆ ಅದಕ್ಕೆ ದಾರಿ ಮುಗಿಯಿತು. ಕರ್ನಾಟಕದ ಕಾವೇರಿ ವನ್ಯಧಾಮ 1987ರದು. ತಮಿಳುನಾಡು ತನ್ನ ಕಡೆ 2014ರಲ್ಲಿ ಉತ್ತರ ಕಾವೇರಿ, 2022ರಲ್ಲಿ ದಕ್ಷಿಣ ಕಾವೇರಿ ವನ್ಯಧಾಮಗಳನ್ನು ಘೋಷಿಸಿತು. ನೀರಿಗಾಗಿ ಜಗಳವಾಡುವ ಎರಡು ರಾಜ್ಯಗಳು ದಂಡೆಯ ಕಾಡಿನ ವಿಷಯದಲ್ಲಿ ಎದುರುಬದುರು ನಿಂತು ಒಂದೇ ಕೆಲಸ ಮಾಡಿವೆ.

ಆದರೆ ಮೇಕೆದಾಟಿನಲ್ಲಿ 67 ಟಿ.ಎಂ.ಸಿ.ಯ ಜಲಾಶಯದ ಪ್ರಸ್ತಾಪವಿದೆ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ, ನಮ್ಮವರೇ ಎಷ್ಟೋ ಮನೆಗಳವರು ಟ್ಯಾಂಕರಿಗೆ ಕಾಯುತ್ತಾರೆ. ಅದು ಕಟ್ಟಾದರೆ ಸುಮಾರು 5,000 ಹೆಕ್ಟೇರು ಕಾಡು ಮುಳುಗುತ್ತದೆ. ಹರಿಯುವ ಮಡುಗಳು ನಿಂತ ನೀರಾಗುತ್ತವೆ.

ಡುಬ್ಬದ ಮೀನಿನ ಉಳಿದಿರುವ ಕೆಲವೇ ನೆಲೆಗಳಲ್ಲಿ ಮುಖ್ಯವಾದದ್ದು ತಾಳವಾಡಿ ಸೀಮೆಯ ಕೆಳಗಿನ ಮೋಯಾರ್ ಕಣಿವೆ. ಅಲ್ಲಿಯೂ ಮೇಲೆ ನೀಲಗಿರಿಯ ವಿದ್ಯುದಾಗಾರಗಳು, ಕೆಳಗೆ 1955ರ ಭವಾನಿಸಾಗರ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ನೀರು ಏರುತ್ತದೆ, ಇಳಿಯುತ್ತದೆ. ಕಣಿವೆ ಹುಲಿ ಮೀಸಲು ಪ್ರದೇಶದಲ್ಲಿರುವುದರಿಂದ ಪ್ರವಾಸಿಗರು ಮನಬಂದಂತೆ ಇಳಿಯುವಂತಿಲ್ಲ. ದಿಂಬಂ ಘಾಟಿಯಲ್ಲಿ ಸರಕಿನ ಲಾರಿ ಕಳುಹಿಸುವ ತಾಳವಾಡಿಯ ವರ್ತಕರಿಗೂ ಅದು ಹೆಸರಿಗಷ್ಟೇ ಪರಿಚಯ.

ಹೊಗೇನಕಲ್ಲಿಗೆ ಕುಟುಂಬ ಸಮೇತ ಹೋಗುವವರು ಬುತ್ತಿಯನ್ನೂ ಕಾಯಿಸಿ ಸೋಸಿದ ನೀರನ್ನೂ ಮನೆಯಿಂದಲೇ ಒಯ್ಯುವುದು ಮೇಲು. ದಾರಿಯುದ್ದಕ್ಕೂ ಮೀನು ಹುರಿಯುವ ಅಂಗಡಿಗಳಿವೆ. ಬೆಳಿಗ್ಗೆ ಬೇಗ ಹೊರಟರೆ ಸೂರ್ಯಾಸ್ತದ ಊಟಕ್ಕೆ ಮುಂಚೆ ಪೆನ್ನಾಗರಂ ದಾಟಿ ಧರ್ಮಪುರಿ ಸೇರಬಹುದು.