ಮೂರು ಸೂರ್ಯರು ಮತ್ತು ಒಬ್ಬ ಮೇಷ್ಟ್ರು

ವಿಜ್ಞಾನ ಕಥೆಗಳಲ್ಲಿ ಮೇಷ್ಟ್ರಿಗೆ ಸಿಗುವುದು ಸಾಮಾನ್ಯವಾಗಿ ಸಣ್ಣ ಪಾತ್ರ. ಕಪ್ಪು ಹಲಗೆಯ ಮುಂದೆ ನಿಂತು, ನಾಯಕನಿಗೂ ನೋಡುಗರಿಗೂ ಅರ್ಥವಾಗದ್ದನ್ನು ಎರಡು ನಿಮಿಷದಲ್ಲಿ ವಿವರಿಸಿ, ಆಮೇಲೆ ಕಥೆಗೆ ಅಡ್ಡ ಬಾರದಂತೆ ಮರೆಯಾಗುವುದಷ್ಟೇ ಅವನ ಕೆಲಸ. ರಾಕೆಟ್ ಹತ್ತುವವರು ಬೇರೆ, ಲೋಕ ಉಳಿಸುವವರು ಬೇರೆ. ಇಪ್ಪತ್ತೆಂಟು ವರ್ಷಗಳಿಂದ ಸೀಮೆಸುಣ್ಣ ಹಿಡಿದಿರುವ ನನಗೆ ಇದು ಒಗ್ಗಿಹೋಗಿದೆ. ಆದ್ದರಿಂದಲೇ 2024ರ ಮಾರ್ಚ್ 21ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ 'ತ್ರೀ ಬಾಡಿ ಪ್ರಾಬ್ಲಮ್' ಧಾರಾವಾಹಿಯ ಎಂಟು ಕಂತುಗಳು ನನ್ನನ್ನು ಹಿಡಿದು ಕೂರಿಸಿದವು. ಈ ಕಥೆ ಆರಂಭವಾಗುವುದು ಒಬ್ಬ ಭೌತಶಾಸ್ತ್ರದ ಮೇಷ್ಟ್ರ ಸಾವಿನಿಂದ. ಎಂಟನೆಯ ಕಂತಿನ ಹೊತ್ತಿಗೆ ಇನ್ನೊಬ್ಬ ಭೌತಶಾಸ್ತ್ರದ ಮೇಷ್ಟ್ರನ್ನು ನಕ್ಷತ್ರಗಳ ಕಡೆಗೆ ಎಸೆಯಲಾಗುತ್ತದೆ. ಒಮ್ಮೆ ನೋಡಿ ಮುಗಿಸಿದವನು ಕೊನೆಯ ನಾಲ್ಕು ಕಂತುಗಳನ್ನು ಮತ್ತೆ ನೋಡಿದೆ. ನೋಡಿದ ಮೇಲೆ ತಲೆಯಲ್ಲಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟು ಮೊದಲೇ ತಿಳಿಯುವುದು ಬೇಡ ಎನ್ನುವವರು ಧಾರಾವಾಹಿ ನೋಡಿ ಬಂದು ಓದಬಹುದು.

ಮೊದಲ ದೃಶ್ಯ 1966ರ ಬೀಜಿಂಗ್. ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಬಯಲಿನಲ್ಲಿ ವೇದಿಕೆ, ಕೆಳಗೆ ಕೂಗುವ ಸಾವಿರಾರು ಜನ. ಮೇಲೆ ಯೆ ಝೆತಾಯ್ ಎಂಬ ಪ್ರಾಧ್ಯಾಪಕ. ಅವನ ಅಪರಾಧ ಸಾಪೇಕ್ಷತಾ ಸಿದ್ಧಾಂತವನ್ನು ಪಾಠ ಮಾಡಿದ್ದು. ಹೆಂಡತಿಯೇ ಬಂದು ಅವನ ವಿರುದ್ಧ ಸಾಕ್ಷಿ ನುಡಿಯುತ್ತಾಳೆ. ಒಂದು ಮಾತು ಬದಲಿಸಿದರೆ ಅವನು ಬದುಕಬಹುದು, ಬದಲಿಸುವುದಿಲ್ಲ. ಹರೆಯದ ವಿದ್ಯಾರ್ಥಿಗಳು ಬೆಲ್ಟಿನಲ್ಲಿ ಹೊಡೆದು ಅವನನ್ನು ಕೊಲ್ಲುತ್ತಾರೆ. ಗುಂಪಿನ ನಡುವೆ ಅವನ ಮಗಳು ಯೆ ವೆನ್‌ಜಿಯೆ ಇದನ್ನೆಲ್ಲ ನೋಡುತ್ತಿರುತ್ತಾಳೆ.

ಯೆ ಝೆತಾಯ್ ಕಲ್ಪನೆಯ ಪಾತ್ರ. ಆದರೆ ಅಂಥ ವೇದಿಕೆಗಳು ಕಲ್ಪನೆಯಲ್ಲ. ಸಾಂಸ್ಕೃತಿಕ ಕ್ರಾಂತಿ ಎಂದು ಹೆಸರಾದ ಆ ಹತ್ತು ವರ್ಷಗಳ ಆರಂಭದಲ್ಲೇ, 1966ರ ಆಗಸ್ಟ್ 5ರಂದು, ಬೀಜಿಂಗಿನ ಬಾಲಕಿಯರ ಶಾಲೆಯೊಂದರ ಉಪಮುಖ್ಯೋಪಾಧ್ಯಾಯಿನಿ ಬಿಯಾನ್ ಝೊಂಗ್‌ಯುನ್ ಅವರನ್ನು ಅವರದೇ ಶಾಲೆಯ ವಿದ್ಯಾರ್ಥಿನಿಯರು ಹೊಡೆದು ಕೊಂದರು. ಕ್ಷಿಪಣಿಗಳಿಗೆ ಬೇಕಾದ ಲೋಹ, ವಸ್ತುಗಳ ತಜ್ಞ ಯಾವೊ ತೊಂಗ್‌ಬಿನ್ 1968ರ ಜೂನ್‌ನಲ್ಲಿ ಹಾಗೆಯೇ ಹೊಡೆತಕ್ಕೆ ಸಿಕ್ಕಿ ಸತ್ತರು. ಲಿಯು ಸಿಶಿನ್ ಬರೆದ ಮೂಲ ಕಾದಂಬರಿ 2006ರಲ್ಲಿ ಚೀನಾದ ವಿಜ್ಞಾನ ಕಥೆಗಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 2008ರಲ್ಲಿ ಪುಸ್ತಕವಾಯಿತು. ಆ ಪುಸ್ತಕದಲ್ಲಿ ಈ ಅಧ್ಯಾಯವನ್ನು ಸುಲಭವಾಗಿ ಕಣ್ಣಿಗೆ ಬೀಳದಂತೆ ನಡುವೆ ಸೇರಿಸಿದ್ದರು. 2014ರಲ್ಲಿ ಕೆನ್ ಲಿಯು ಇಂಗ್ಲಿಷಿಗೆ ತಂದಾಗ ಅದು ಮತ್ತೆ ಮೊದಲಿಗೆ ಬಂತು. ಮರುವರ್ಷ ಆ ಅನುವಾದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು. ಲಿಯು ಸಿಶಿನ್ ವಿದ್ಯುತ್ ಸ್ಥಾವರವೊಂದರಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದುಕೊಂಡೇ ಬರೆದವರು ಎಂಬುದು ನನ್ನಂಥ ಬಿಡುವಿನ ವೇಳೆಯ ಓದುಗರಿಗೆ ಸಮಾಧಾನ ಕೊಡುವ ಸಂಗತಿ.

ಮುಂದಿನ ಕಥೆ ಚುಟುಕಾಗಿ ಹೀಗೆ. ಅಪ್ಪನನ್ನು ಕಳೆದುಕೊಂಡ ಯೆ ವೆನ್‌ಜಿಯೆ ಕಾಡು ಕಡಿಯುವ ಕೂಲಿಯಾಗಿ, ಆಮೇಲೆ ಬೆಟ್ಟದ ಮೇಲಿನ ಗುಪ್ತ ರೇಡಿಯೊ ಕೇಂದ್ರದಲ್ಲಿ ಕೆಲಸಗಾರಳಾಗಿ ದಿನ ಕಳೆಯುತ್ತಾಳೆ. ಅಲ್ಲಿಂದ ಅವಳು ಆಕಾಶಕ್ಕೆ ಕಳಿಸಿದ ಸಂದೇಶಕ್ಕೆ ವರ್ಷಗಳ ನಂತರ ಉತ್ತರ ಬರುತ್ತದೆ. ಮತ್ತೆ ಉತ್ತರಿಸಬೇಡಿ, ಉತ್ತರಿಸಿದರೆ ನಿಮ್ಮ ನೆಲೆ ತಿಳಿದು ನಾವು ದಂಡೆತ್ತಿ ಬರುತ್ತೇವೆ ಎಂದು ಅಲ್ಲಿನ ಒಂದು ಜೀವ ಎಚ್ಚರಿಸುತ್ತದೆ. ಅವಳು ಉತ್ತರಿಸುತ್ತಾಳೆ. ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳಲಾರ, ಹೊರಗಿನವರು ಬಂದು ತಿದ್ದಲಿ ಎಂಬುದು ಅವಳ ತೀರ್ಮಾನ. ಸಾನ್-ತಿ ಎಂಬ ಆ ಜೀವಿಗಳ ಲೋಕಕ್ಕೆ ಮೂರು ಸೂರ್ಯರು. ಯಾವ ಸೂರ್ಯ ಯಾವಾಗ ಹುಟ್ಟುತ್ತಾನೆ, ಯಾವಾಗ ಸುಡುತ್ತಾನೆ ಎಂದು ಲೆಕ್ಕ ಹಾಕಲಾಗದೆ ಅವರ ನಾಗರಿಕತೆ ಮತ್ತೆ ಮತ್ತೆ ನಾಶವಾಗುತ್ತದೆ. ಅವರಿಗೆ ಬೇರೊಂದು ಮನೆ ಬೇಕು. ನಮ್ಮದು ಸಿಕ್ಕಿತು. ಬಂದು ಮುಟ್ಟಲು ನಾನೂರು ವರ್ಷ.

ಶೀರ್ಷಿಕೆಯ ಸಮಸ್ಯೆ ನಿಜವಾದದ್ದು. ಎರಡು ಕಾಯಗಳು ಪರಸ್ಪರ ಸೆಳೆಯುತ್ತ ಹೇಗೆ ಸುತ್ತುತ್ತವೆ ಎಂಬುದನ್ನು 1687ರಲ್ಲಿ ನ್ಯೂಟನ್ ಪೂರ್ತಿಯಾಗಿ ಬಿಡಿಸಿಟ್ಟ. ಮೂರನೆಯದು ಸೇರಿತೋ, ಎಲ್ಲ ಸಂದರ್ಭಗಳಿಗೂ ಹೊಂದುವ ಸರಳ ಸೂತ್ರ ಕೈಗೆ ಸಿಗುವುದಿಲ್ಲ. ಸ್ವೀಡನ್ ದೊರೆ ಎರಡನೆಯ ಆಸ್ಕರ್ ಏರ್ಪಡಿಸಿದ ಸ್ಪರ್ಧೆಯಲ್ಲಿ ಈ ವಿಷಯದ ಮೇಲೆ ಬರೆದು 1889ರಲ್ಲಿ ಬಹುಮಾನ ಗೆದ್ದವನು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ. ಲೇಖನ ಅಚ್ಚಾಗುವಾಗ ಅದರಲ್ಲೊಂದು ದೋಷ ಹೊರಬಿತ್ತು. ಪ್ವಾಂಕಾರೆ ಅದನ್ನು ಮುಚ್ಚಿಡಲಿಲ್ಲ. ಮತ್ತೆ ಬರೆದ, ಮರುಮುದ್ರಣದ ಖರ್ಚನ್ನೂ ತಾನೇ ಕೊಟ್ಟ. ಆ ಖರ್ಚು ಬಹುಮಾನದ ಹಣಕ್ಕಿಂತ ಹೆಚ್ಚಾಗಿತ್ತು. ಆದರೆ ತಿದ್ದಿ ಬರೆಯುವಾಗ ಅವನಿಗೆ ಕಂಡದ್ದು ಬಹುಮಾನಕ್ಕಿಂತ ದೊಡ್ಡದು. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುಂದಿನ ದಾರಿ ಸಂಪೂರ್ಣ ಬೇರೆಯಾಗಬಹುದು ಎಂಬ ಅರಿವು ಅದು. ಇಂದು ಅವ್ಯವಸ್ಥಾ ಸಿದ್ಧಾಂತ ಎನ್ನುವುದರ ಮೂಲ ಅಲ್ಲಿದೆ.

ಈ ಸಮಸ್ಯೆಗೆ ಶಾಂತವಾದ ಮೂಲೆಗಳೂ ಇವೆ. ಎರಡು ದೊಡ್ಡ ಕಾಯಗಳ ನಡುವೆ ಮೂರನೆಯ ಚಿಕ್ಕ ಕಾಯ ಹೆಚ್ಚು ಓಲಾಡದೆ ಜೊತೆಯಲ್ಲೇ ಸಾಗಬಹುದಾದ ಸ್ಥಾನಗಳನ್ನು 1772ರಲ್ಲಿ ಲಗ್ರಾಂಜ್ ತೋರಿಸಿದ್ದ. ನಮ್ಮ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಸೇರಿದ್ದು, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಅಂಥದೊಂದು ಜಾಗದ ಸುತ್ತಲಿನ ಕಕ್ಷೆಯನ್ನು. ಸೂರ್ಯನ ಪ್ರಭಾವಲಯವನ್ನು ನೋಡುವ ಅದರ ಮುಖ್ಯ ಉಪಕರಣ ತಯಾರಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಧಾರಾವಾಹಿ ಬರುವ ಎರಡೂವರೆ ತಿಂಗಳ ಮೊದಲು ನಮ್ಮವರು ತ್ರಿಕಾಯ ಸಮಸ್ಯೆಯ ನೆರಳಲ್ಲೇ ಒಂದು ನೆಲೆ ಹಿಡಿದಿದ್ದರು ಎಂದು ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದುಂಟು.

ಮೇಷ್ಟ್ರಾದವನ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಇದ್ದೇ ಇರುತ್ತದೆ. ಅದನ್ನೂ ಸ್ವಲ್ಪ ಬಳಸೋಣ. ನಾಲ್ಕು ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿರುವ ಮೂರು ಸೂರ್ಯರ ಕುಟುಂಬವೆಂದರೆ ಆಲ್ಫಾ ಸೆಂಟೌರಿ ಒಂದೇ. ಅಲ್ಲಿ ಧಾರಾವಾಹಿ ತೋರಿಸುವಷ್ಟು ಗಲಾಟೆ ಇಲ್ಲ. ಇಬ್ಬರು ದೊಡ್ಡ ಸೂರ್ಯರು ಸುಮಾರು 80 ವರ್ಷಕ್ಕೊಮ್ಮೆ ಪರಸ್ಪರ ಸುತ್ತುತ್ತಾರೆ. ಮೂರನೆಯ ಚಿಕ್ಕವನು, ಪ್ರಾಕ್ಸಿಮಾ, ಎಷ್ಟೋ ದೂರದಲ್ಲಿ ಐದು ಲಕ್ಷಕ್ಕೂ ಹೆಚ್ಚು ವರ್ಷಗಳಿಗೊಂದು ಸುತ್ತು ಹಾಕುತ್ತಾನೆ. ಕ್ವಾಂಟಮ್ ಹೆಣಿಗೆಯ ಮೂಲಕ ಆ ಲೋಕಕ್ಕೆ ಕ್ಷಣದಲ್ಲಿ ಸುದ್ದಿ ಮುಟ್ಟಿಸುವುದೂ ಆಗದ ಮಾತು; ಹೆಣೆದುಕೊಂಡ ಕಣಗಳಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಲು ಬರುವುದಿಲ್ಲ. ಇದಕ್ಕೆಲ್ಲ ನಾನು ಅಂಕ ಕಳೆಯುವುದಿಲ್ಲ, ಕಥೆಗಾರನಿಗೂ ಸ್ವಲ್ಪ ಜಾಗ ಬೇಕು. ಇನ್ನೊಂದು ಸಂತೋಷದ ವಿಷಯವಿದೆ. ಧಾರಾವಾಹಿಯ ವಿಜ್ಞಾನಿಗಳು ಇರುವ ಇಂಗ್ಲೆಂಡಿನಿಂದ ಆಲ್ಫಾ ಸೆಂಟೌರಿ ಕಾಣುವುದೇ ಇಲ್ಲ, ಬೀಜಿಂಗಿನಿಂದಲೂ ಇಲ್ಲ. ಕರ್ನಾಟಕದವರಿಗೆ ಆ ಭಾಗ್ಯವಿದೆ. ಮೇ ಕೊನೆಯ ವಾರದಲ್ಲಿ ಮೋಡವಿಲ್ಲದ ರಾತ್ರಿ ಹತ್ತು ಗಂಟೆಯ ಮೇಲೆ ತೆರೆದ ಬಯಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ದಿಗಂತದಿಂದ ಸ್ವಲ್ಪವೇ ಮೇಲೆ ತ್ರಿಶಂಕುವಿನ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರಗಳು ಕಾಣುತ್ತವೆ. ಅವುಗಳಲ್ಲಿ ಎಡಗಡೆಯದೇ ಅದು.

ಇನ್ನು ನನ್ನನ್ನು ನಿಜವಾಗಿ ಕಾಡಿದ ಭಾಗ. ಸಾನ್-ತಿಗಳಿಗೆ ಒಂದು ಭಯ. ತಾವು ಬಂದು ಮುಟ್ಟುವ ನಾನೂರು ವರ್ಷದಲ್ಲಿ ಮನುಷ್ಯರು ತಮ್ಮನ್ನು ಮೀರಿಸಿಬಿಟ್ಟರೆ? ಈ ಲೆಕ್ಕ ತಪ್ಪಲ್ಲ. ನಾನೂರು ವರ್ಷ ಹಿಂದಕ್ಕೆ ಹೋದರೆ ಗೆಲಿಲಿಯೊ ಇನ್ನೂ ಬದುಕಿದ್ದಾನೆ, ನ್ಯೂಟನ್ ಹುಟ್ಟಿಯೇ ಇಲ್ಲ. ಅಲ್ಲಿಂದ ಇಲ್ಲಿಗೆ ಬಂದ ನಾವು ಇನ್ನು ನಾನೂರು ವರ್ಷದಲ್ಲಿ ಎಲ್ಲಿಗೆ ಹೋಗಬಹುದು! ಆದ್ದರಿಂದ ಅವರು ಸೈನ್ಯಕ್ಕಿಂತ ಮುಂಚೆ ಸೋಫಾನ್ ಎಂಬ, ಪ್ರೋಟಾನಿನಷ್ಟು ಚಿಕ್ಕ ಯಂತ್ರಗಳನ್ನು ಕಳಿಸುತ್ತಾರೆ. ಅವು ಪ್ರಪಂಚದ ಕಣವೇಗವರ್ಧಕಗಳೊಳಗೆ ಹೊಕ್ಕು ಪ್ರಯೋಗದ ಫಲಿತಾಂಶವನ್ನೇ ಕೆಡಿಸುತ್ತವೆ. ಇಂದು ಒಂದು ಉತ್ತರ, ನಾಳೆ ಇನ್ನೊಂದು. ವಿಜ್ಞಾನಿಗಳು ದಿಕ್ಕೆಟ್ಟು ಪ್ರಾಣ ಕಳೆದುಕೊಳ್ಳುತ್ತಾರೆ. ವಿಚಿತ್ರವೆಂದರೆ ಸಾನ್-ತಿಗಳಿಗೆ ಸುಳ್ಳು ಹೇಳುವುದು ಗೊತ್ತಿಲ್ಲ. ನಾಲ್ಕನೆಯ ಕಂತಿನಲ್ಲಿ ತೋಳ ಅಜ್ಜಿಯ ವೇಷ ಹಾಕುವ ಮಕ್ಕಳ ಕಥೆಯನ್ನು ಕೇಳಿ, ಮನುಷ್ಯರು ಇಲ್ಲದ್ದನ್ನು ಹೇಳಬಲ್ಲರು ಎಂದು ತಿಳಿದು ಅವು ಬೆಚ್ಚುತ್ತವೆ. ಸುಳ್ಳರ ಜೊತೆ ಬಾಳಲಾಗದು ಎಂದು ಮಾತು ನಿಲ್ಲಿಸುತ್ತವೆ. ಅಂಥವರೇ ನಮ್ಮ ಯಂತ್ರಗಳ ಬಾಯಲ್ಲಿ ಸುಳ್ಳು ಹೇಳಿಸುತ್ತಾರೆ. ಒಂದು ಲೋಕವನ್ನು ಕುರುಡಾಗಿಸಲು ಬಾಂಬು ಬೇಕಿಲ್ಲ, ಪ್ರಯೋಗಶಾಲೆಯ ಮೇಲಿನ ನಂಬಿಕೆ ಹೋದರೆ ಸಾಕು.

ಇದು ನನಗೆ ಇಷ್ಟು ಹತ್ತಿರದ್ದು ಎನ್ನಿಸಿದ್ದಕ್ಕೆ ಕಾರಣ ನನ್ನ ತರಗತಿಯಲ್ಲಿದೆ. ಗುರುತ್ವಾಕರ್ಷಣೆಯ ಪಾಠ ಬಂದಾಗ ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡುತ್ತೇನೆ. ಮಕ್ಕಳು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷದ ಲೆಕ್ಕ ಮಾಡಬೇಕು. ಒಂದು ಸಲ ಒಬ್ಬ ಹುಡುಗ 10.9 ಎಂದು ಬರೆದವನು, ನಾನು ಹತ್ತಿರ ಹೋಗುವಷ್ಟರಲ್ಲಿ ರಬ್ಬರಿನಿಂದ ಉಜ್ಜಿ 9.8 ಮಾಡುತ್ತಿದ್ದ.

"ಯಾಕೋ ಅಳಿಸ್ತೀಯ?" ಎಂದೆ.

"ಪುಸ್ತಕದಲ್ಲಿ ಒಂಬತ್ತು ಪಾಯಿಂಟ್ ಎಂಟು ಅಂತ ಇದೆ ಸಾರ್. ನಂದು ತಪ್ಪು."

"ಅಳಿಸಬೇಡ. ಇನ್ನೊಂದು ಸಲ ತೂಗುಬಿಟ್ಟು ಜೋರಾಗಿ ಎಣಿಸು, ಕೇಳೋಣ."

ಕಲ್ಲನ್ನು ಕೈಬಿಟ್ಟ ಕೂಡಲೇ ಅವನು "ಒಂದು" ಎಂದ. ಅಲ್ಲಿತ್ತು ಗುಟ್ಟು. ಬಿಟ್ಟ ಕ್ಷಣಕ್ಕೆ ಸೊನ್ನೆ ಎನ್ನಬೇಕು. ಒಂದು ಎಂದರೆ ಇಪ್ಪತ್ತರ ಬದಲು ಹತ್ತೊಂಬತ್ತೇ ಆಂದೋಲನಗಳಾಗುತ್ತವೆ. ನಲವತ್ತು ಸೆಕೆಂಡಿನ ಜಾಗದಲ್ಲಿ ಮೂವತ್ತೆಂಟು ಬಂದು, ಉತ್ತರ ಸರಿಯಾಗಿ 10.9 ಆಗುತ್ತದೆ. ಆ ಹುಡುಗನ ಕಲ್ಲೂ ದಾರವೂ ಗಡಿಯಾರವೂ ನಿಜವನ್ನೇ ಹೇಳಿದ್ದವು. ಅಳಿಸಿಬಿಟ್ಟಿದ್ದರೆ ಎಣಿಕೆಯಲ್ಲಿ ಎಲ್ಲಿ ಎಡವಿದೆ ಎಂಬುದು ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ. ಪ್ವಾಂಕಾರೆಗೆ ಆದದ್ದೂ ಇದೇ, ಅಳತೆ ಮಾತ್ರ ದೊಡ್ಡದು. ಮಕ್ಕಳಿಗೆ ಅಳಿಸುವುದನ್ನು ಕಲಿಸಿದವರು ಸೋಫಾನ್‌ಗಳಲ್ಲ. ಪುಸ್ತಕದ ಉತ್ತರಕ್ಕೆ ಮಾತ್ರ ಅಂಕ ಕೊಡುವ ನಮ್ಮ ಪದ್ಧತಿಯೇ ಕಲಿಸಿತು.

ಕೊನೆಯ ಕಂತುಗಳ ಮೇಷ್ಟ್ರ ಹೆಸರು ವಿಲ್ ಡೌನಿಂಗ್. ಆಕ್ಸ್‌ಫರ್ಡಿನಲ್ಲಿ ಜೊತೆಗೆ ಓದಿದ ಗೆಳೆಯರು ಪ್ರತಿಭಾವಂತ ಸಂಶೋಧಕರಾದರೆ, ಅಷ್ಟು ಬುದ್ಧಿ ತನಗಿಲ್ಲವೆಂದುಕೊಂಡು ಹದಿಹರೆಯದವರಿಗೆ ಭೌತಶಾಸ್ತ್ರ ಕಲಿಸಲು ಹೋದವನು. ಈಗ ಅವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಕೊನೆಯ ಹಂತ. ಶತ್ರುವಿನ ನೌಕಾಪಡೆಯನ್ನು ಮಧ್ಯದಾರಿಯಲ್ಲಿ ಸಂಧಿಸಲು ಒಬ್ಬ ಮನುಷ್ಯನನ್ನು ಕಳಿಸಬೇಕಾಗಿದೆ. ಮುನ್ನೂರು ಅಣುಬಾಂಬುಗಳನ್ನು ಸಾಲಾಗಿ ಸಿಡಿಸಿ, ಹಾಯಿಯನ್ನು ಬೆಳಕಿನ ವೇಗದ ನೂರನೇ ಒಂದು ಭಾಗಕ್ಕೆ ತಳ್ಳುವ ಉಪಾಯ ಅದು. ಇಡೀ ದೇಹದ ಭಾರವನ್ನು ಹೊರಲಾಗದು, ಮಿದುಳನ್ನು ಮಾತ್ರ ಕಳಿಸಬಹುದು. ವಿಲ್ ಒಪ್ಪುತ್ತಾನೆ. ಎಂಟನೆಯ ಕಂತಿನಲ್ಲಿ ಬಾಂಬುಗಳು ಒಂದರ ಹಿಂದೊಂದು ಸಿಡಿಯುತ್ತ ಹೋಗುತ್ತವೆ. ನಡುವೆ ಹಾಯಿಯ ಒಂದು ಹಗ್ಗ ಕಿತ್ತು, ನೌಕೆ ದಾರಿ ತಪ್ಪಿ ಕತ್ತಲಿಗೆ ಸೇರುತ್ತದೆ. ಯೋಜನೆ ಸೋತಿತೆಂದು ಎಲ್ಲರೂ ತಲೆ ತಗ್ಗಿಸುತ್ತಾರೆ. ನಾನೂ ಸುಮ್ಮನೆ ಕುಳಿತಿದ್ದೆ. ಹತ್ತನೇ ತರಗತಿ ಮುಗಿಸಿ ಹೋದ ಮಕ್ಕಳಲ್ಲಿ ಎಷ್ಟೋ ಜನ ಎಲ್ಲಿದ್ದಾರೆಂದು ನಮಗೂ ತಿಳಿಯುವುದಿಲ್ಲ. ಹೇಳಿಕೊಟ್ಟದ್ದು ತಲುಪಿತೇ ಎಂದು ನೋಡಲು ನಾವು ಅಲ್ಲಿರುವುದಿಲ್ಲ.

ಆದರೂ ವಿಲ್‌ಗಿಂತ ಹೆಚ್ಚಾಗಿ ನನ್ನ ನಿದ್ದೆ ಕೆಡಿಸಿದ್ದು ಮೊದಲ ಕಂತಿನ ಬೆಲ್ಟಿನ ಹುಡುಗಿಯರು. ಅವರೂ ಶಾಲೆಗೆ ಹೋದವರು. ಯಾವುದೋ ಮೇಷ್ಟ್ರ ಹತ್ತಿರ ಆರ್ಕಿಮಿಡೀಸನ ತತ್ವ ಕಲಿತು, ಪರೀಕ್ಷೆಯಲ್ಲಿ ಸರಿಯಾಗಿ ಬರೆದಿರಬೇಕು. ಕೆಳಗಿನ ಗುಂಪಿನಲ್ಲಿ ಸಾಪೇಕ್ಷತೆಯನ್ನು ಅರಿತವರೂ ಇದ್ದರು. ವಿಜ್ಞಾನದ ಪಾಠ ಅವರನ್ನು ತಡೆಯಲಿಲ್ಲ. ಅವರಿಗೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು, ಮುದುಕ ಬೇರೆ ಉತ್ತರ ಕೊಟ್ಟ. ಅವನನ್ನೇ ಅಳಿಸಿಹಾಕಿದರು. ವರ್ಷಗಳ ನಂತರ ಅವರಲ್ಲೊಬ್ಬಳು ಯೆ ವೆನ್‌ಜಿಯೆಗೆ ಎದುರಾಗುತ್ತಾಳೆ, ಅವಳಲ್ಲಿ ಪಶ್ಚಾತ್ತಾಪವಿಲ್ಲ. ಮನುಷ್ಯರ ಬಗ್ಗೆ ಯೆ ವೆನ್‌ಜಿಯೆ ಕೊಟ್ಟ ತೀರ್ಪನ್ನು ನಾನು ಒಪ್ಪಲಾರೆ. ಒಪ್ಪಿದರೆ ನಾಳೆ ಬೆಳಿಗ್ಗೆ ತರಗತಿಗೆ ಹೋಗುವುದರಲ್ಲಿ ಅರ್ಥವಿರುವುದಿಲ್ಲ. ಆದರೆ ಆ ತೀರ್ಪಿಗೆ ಅವಳನ್ನು ದೂಡಿದ್ದು ಏನೆಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಕಥೆ ಇನ್ನೂ ಮುಗಿದಿಲ್ಲ. ಮುಂದುವರಿಸುವುದಾಗಿ 2024ರ ಮೇ ತಿಂಗಳಲ್ಲೇ ಪ್ರಕಟಿಸಿದ್ದರು. ಸಾನ್-ತಿಗಳು ನಮ್ಮನ್ನು ಹುಳುಗಳೆಂದು ಕರೆದಿದ್ದಾರೆ. ಎಷ್ಟು ಕೊಂದರೂ ಹುಳು ಅಳಿದಿಲ್ಲವಲ್ಲ ಎಂದು ಎಂಟನೆಯ ಕಂತಿನ ಪತ್ತೇದಾರ ಗೆಳೆಯರಿಗೆ ಧೈರ್ಯ ಹೇಳುತ್ತಾನೆ. ಅದು ಒಳ್ಳೆಯ ಮಾತೇ. ಆದರೆ ಹುಳುವಿಗೂ ನಮಗೂ ಒಂದು ವ್ಯತ್ಯಾಸವಿದೆ. ಎಣಿಕೆ ತಪ್ಪಿತೆಂದು ತಿಳಿದಾಗ ನಾವು ಸೊನ್ನೆಯಿಂದ ಮತ್ತೆ ಎಣಿಸಬಲ್ಲೆವು, ಅಳಿಸದೆ ಇದ್ದರೆ. ಆ ಹುಡುಗನ ಪುಸ್ತಕದಲ್ಲಿ 10.9 ಹಾಗೇ ಇದೆ. ಪಕ್ಕದಲ್ಲಿ ಅವನೇ ಕಾರಣ ಬರೆದಿದ್ದಾನೆ. ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ.