ನೀರು ತಿಳಿಯಾಗುವ ತನಕ

ಬಾಗಲಕೋಟೆಯ ನವನಗರದಿಂದ ಬೆಳಗಿನ ಬಸ್ಸು ಹಿಡಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಒಂದು ಪಾಲನ್ನು ನುಂಗಿದಾಗ ಎದ್ದ ಊರಿದು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಹರಿಯುವ ಈ ಜಿಲ್ಲೆಯಲ್ಲಿ ವರ್ಷದ ಮಳೆ ಮಾತ್ರ ಸರಾಸರಿ 600 ಮಿ.ಮೀ. ಮುಟ್ಟುವುದಿಲ್ಲ. ಅದಕ್ಕೂ ಈಗ ಹೊತ್ತುಗೊತ್ತಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೇ ನುಗ್ಗಿದಳು. 2023ರಲ್ಲಿ ಇದೇ ಸೀಮೆ ಬರದ ಪಟ್ಟಿ ಸೇರಿತು.

ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತೆ. ಮಳೆ ಬಿದ್ದಾಗ ಕೆಂಪು ಮರಳುಗಲ್ಲಿನ ಗುಡ್ಡದಿಂದ ಧುಮುಕುವ ನೀರು ಬಂದು ದಣಿವಾರಿಸಿಕೊಳ್ಳುವುದು ಇಲ್ಲೇ. ಅಲ್ಲಿಂದ ಐದು ಕಿ.ಮೀ. ದೂರ ಬನಶಂಕರಿ. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಕಾದ ಶಾಕಂಭರಿ ಇವಳೇ. ಅವಳ ಗುಡಿಯ ಮುಂದೆ 360 ಅಡಿ ಚೌಕದ ಹರಿದ್ರಾತೀರ್ಥ, ಮೂರು ಬದಿಗೆ ಕಲ್ಲುಮಂಟಪಗಳ ಸಾಲು. ಬರದ ದೇವಿಯ ಎದುರಿಗೇ ಹೊಂಡ ಕಟ್ಟಿದ ಹಿರಿಯರು ಭಕ್ತಿಯನ್ನೂ ಬದುಕನ್ನೂ ಬೇರೆ ಮಾಡಿರಲಿಲ್ಲ.

ಹುನಗುಂದದ ಎರೆಹೊಲದಲ್ಲಿ ಒಬ್ಬ ಹಿರಿಯ ರೈತರು ತಮ್ಮ ಒಡ್ಡು ತೋರಿಸಿದರು. ನಡುವೆ ಕಲ್ಲು ಜೋಡಿಸಿದ ಕೋಡಿ. ಅದರ ಹಿಂದೆ ಮೊಣಕಾಲೆತ್ತರ ಹೂಳು, ಮುಟ್ಟಿದರೆ ಬೆಣ್ಣೆಯಂತೆ ಮೆತ್ತಗೆ.

“ನೀರಿಗೆ ದಾರಿ ಬಿಡದಿದ್ರ ಒಡ್ಡೂ ಉಳಿಯೂದಿಲ್ರಿ, ಮಣ್ಣೂ ಉಳಿಯೂದಿಲ್ಲ. ಹೊಲದಾಗ ನಿಂತು, ಮಣ್ಣಿಗೆ ಕುಡಿಸಿ, ಉಳದದ್ದು ಮೆಲ್ಲಕ ಹೋಗಬೇಕು.”

ಮುಂಗಾರಿನಲ್ಲಿ ಹೀಗೆ ಕುಡಿದ ನೆಲವೇ ಹಿಂಗಾರಿ ಬಿಳಿಜೋಳಕ್ಕೆ ಹಸಿ ಉಳಿಸಿಕೊಡುತ್ತದೆ. ಕೆಳಗಿನ ಹಳ್ಳಕ್ಕೆ ಇಳಿಯುವ ನೀರಿನಲ್ಲಿ ಕೆಸರೂ ಕಡಿಮೆ.

ಸಂಜೆ ಇಳಕಲ್ಲಿನಲ್ಲಿ ನೇಕಾರರ ಮನೆ. ಒಳಗೆ ಮಗ್ಗದ ಸದ್ದು, ಹೊರಗೆ ಕೊಡದ ಬಾಯಿಗೆ ನಾಲ್ಕು ಮಡಿಕೆ ಹಳೆಯ ಹತ್ತಿ ಸೀರೆ. “ಹೊಸಾ ಸೀರಿ ಬ್ಯಾಡ್ರಿ, ತೊಳದು ತೊಳದು ಮೆತ್ತಗಾದದ್ದ ಛಲೋ ಸೋಸತೈತಿ” ಎಂದರು ಆ ಮನೆಯ ಅಜ್ಜಿ. ತೊಳೆದಷ್ಟೂ ನೂಲು ಉಬ್ಬಿ ಸಂದು ಕಿರಿದಾಗುತ್ತದೆ. ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ ಬಾಂಗ್ಲಾದೇಶದಲ್ಲಿ ಪರೀಕ್ಷಿಸಿ, ಮಡಿಸಿದ ಸೀರೆಯಲ್ಲಿ ಸೋಸಿದ ನೀರು ಕಾಲರಾವನ್ನು 48% ತಗ್ಗಿಸಿತೆಂದು 2003ರಲ್ಲಿ ಪ್ರಕಟಿಸಿತ್ತು.

ಆದರೆ ಈ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದು ನೀರಿನಲ್ಲಿ ಕರಗಿರುವಂಥದು; ಸೋಸಿದರೂ, ಕುದಿಸಿದರೂ ಹೋಗದು. ಮಳೆನೀರಿಗೆ ಆ ಕಾಟವಿಲ್ಲ. ಅಜ್ಜಿಯ ಮನೆಯ ತಗಡಿನ ಮಾಡಿಗೆ ಮಳೆನೀರು ಇಳಿಸುವ ದೋಣಿ ಕಟ್ಟಿದ್ದರು. “ಮೊದಲನೇ ಮಳಿ ಹಿಡಿಯೂದಿಲ್ಲ. ತಗಡು ತೊಳಕೊಳ್ಳಲಿ, ಆಮ್ಯಾಲ ಕೊಡ ಇಡೂದು.”

ಹೊಂಡ, ಒಡ್ಡು, ಸೀರೆ, ಮಾಡು: ಎಲ್ಲವೂ ಕೇಳುವುದು ತಾಳ್ಮೆಯನ್ನೇ. ಮಳೆಯೇ ಅವಸರಕ್ಕೆ ಬಿದ್ದ ಈ ಕಾಲದಲ್ಲಿ ಈ ತಾಳ್ಮೆಯನ್ನು ನಾವು ಕಳೆದುಕೊಳ್ಳಬಾರದು. ಬಾಯಾರಿ ತಂಬಿಗೆಗೆ ಕೈ ಚಾಚಿದೆ. “ತಡೀ ತಮ್ಮಾ, ಇನ್ನೂ ಸೋಸಾಕ್ಹತ್ತೈತಿ” ಎಂದರು ಅಜ್ಜಿ. ಕಾದೆ.