ಮಾರಿಗುಡಿ ಪಕ್ಕದ ಅಂಗನವಾಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ, ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟಿದ್ದು ನಮ್ಮ ತಿ. ನರಸೀಪುರ ತಾಲ್ಲೂಕಿಗೆ. ಇದೆಲ್ಲ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅದಾಗಿ ಕೆಲವೇ ವರ್ಷಕ್ಕೆ ತಟ್ಟೆ ಹಿಡಿದು ಅದರ ಅಂಗನವಾಡಿಗೆ ಹೋಗುತ್ತಿದ್ದ ನಮಗೆ ಗೊತ್ತಿದ್ದದ್ದು ಒಂದೇ: ಮಾರಿಗುಡಿ ಪಕ್ಕದ ಚಾವಡಿಯಲ್ಲಿ ಗಲಾಟೆ ಮಾಡದೆ ಕೂತರೆ ಹಳದಿ ಉಪ್ಪಿಟ್ಟು ಸಿಗುತ್ತೆ.

ಆ ಉಪ್ಪಿಟ್ಟಿನ ವಿಷಯ ಎತ್ತಿದರೆ ನಮ್ಮ ವಾರಿಗೆಯವರೆಲ್ಲ ಈಗಲೂ ಬಾಯಿ ಚಪ್ಪರಿಸುತ್ತಾರೆ. ಮುಸುಕಿನಜೋಳದ ನುಚ್ಚು, ಒಂದಿಷ್ಟು ಎಣ್ಣೆ, ಉಪ್ಪು. ಒಗ್ಗರಣೆ ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. ಅಮೆರಿಕಾ ಉಪ್ಪಿಟ್ಟು ಅಂತಲೇ ಊರಲ್ಲಿ ಅದಕ್ಕೆ ಹೆಸರು. ಮನೆಯಲ್ಲಿ ಎಷ್ಟೋ ಸಲ ಮಾಡಿಸಿ ನೋಡಿದ್ದೇನೆ, ಆ ರುಚಿ ಬಂದಿಲ್ಲ. ಪಾತ್ರೆಯ ತಳದ ಸೀಕಿಗೆ ನಾನೂ ದೊಡ್ಡಪ್ಪನ ಮಗಳೂ ಜುಟ್ಟು ಹಿಡಿದುಕೊಂಡಿದ್ದುಂಟು.

ಟೀಚರಮ್ಮ ನಮ್ಮ ಕೈಗೆ ಬಳಪ ಕೊಡಲು ಆತುರಪಡಲೇ ಇಲ್ಲ. ಕಪಿಲೆ ಹೊಳೆಯ ಮರಳನ್ನು ಜರಡಿ ಹಿಡಿಸಿ ಮೂಲೆಯಲ್ಲಿ ಹರಡಿದ್ದರು. ಅದರ ಮೇಲೆ ಬೆರಳಾಡಿಸಬೇಕು. ಜೇಡಿಮಣ್ಣು ಮಿದ್ದು ಎತ್ತು, ಒಲೆ, ಬೀಸುವ ಕಲ್ಲು ಮಾಡಬೇಕು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಒಂದು ಅಕ್ಷರ ಬರೆದು, ಅದರ ಗೆರೆಯುದ್ದಕ್ಕೂ ಹುಣಸೆಬೀಜ ಜೋಡಿಸಲು ಹೇಳೋರು. ‘ಗ’ದ ಬಾಗು ಬರುವ ಹೊತ್ತಿಗೆ ಬೀಜ ಜಾರಿ ಸಾಲು ಕೆಡುತ್ತಿತ್ತು. ಅಷ್ಟರಲ್ಲಿ ಪಕ್ಕದವಳು ನನ್ನ ಬೀಜ ಕದ್ದು ತನ್ನ ಅಕ್ಷರ ಮುಗಿಸಿಬಿಟ್ಟಿರುತ್ತಿದ್ದಳು.

ನಮ್ಮಜ್ಜಿಗೆ ಇದು ಸರಿಬರಲಿಲ್ಲ. ಒಂದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದೇಬಿಟ್ಟಳು. “ಅಲ್ಲ ಕಣವ್ವ, ಬರೀ ಮಣ್ಣಾಟ ಆಡ್ಸಿ ಉಪ್ಪಿಟ್ ತಿನ್ಸಿ ಕಳುಸ್ತೀಯಲ್ಲ, ಅ ಆ ಇ ಈ ಯಾವಾಗ ಕಲ್ಸೀಯೆ?”

“ಬೆರಳು ಗಟ್ಟಿಯಾಗ್ಲಿ ಕಣಜ್ಜಿ, ಬಾಯಿ ತಿರುಗ್ಲಿ. ಅಕ್ಷರ ಎಲ್ಲಿಗೆ ಓಡೋಗುತ್ತೆ?” ಅಂದರು ಟೀಚರಮ್ಮ. ಅಜ್ಜಿ ಗೊಣಗಿಕೊಂಡೇ ಹೋದಳು. ಮೂರು ವರ್ಷದ ಕೂಸಿನ ಕೈಯಲ್ಲಿ ನಾಲ್ಕು ಗೆರೆ ಕಾಪಿ ಬರೆಸುವವರನ್ನು ಕಂಡಾಗಲೆಲ್ಲ ನನಗೆ ಟೀಚರಮ್ಮನ ಆ ಮಾತೇ ಸರಿ ಅನ್ನಿಸುತ್ತದೆ. ಬಾಯಿ ತಿರುಗಿಸುವ ಕೆಲಸಕ್ಕಂತೂ ಅವರು ಬಿಡುವೇ ಕೊಡುತ್ತಿರಲಿಲ್ಲ. ನರಿ ಕಥೆ ಅರ್ಧಕ್ಕೆ ನಿಲ್ಲಿಸಿ “ಆಮೇಲೇನಾಯ್ತು, ನೀನ್ಹೇಳು” ಅಂದರೆ ಮುಗಿಯಿತು, ನಮ್ಮ ನರಿ ನರಸೀಪುರದ ಸಂತೆಗೇ ಹೋಗಿ ಕಡ್ಲೆಪುರಿ ತಿಂದು ಬರುತ್ತಿತ್ತು.

ತಿಂಗಳಿಗೊಮ್ಮೆ ತೂಕ. ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ಕೂರಿಸಿದರೆ ಊರಿಗೆ ಕೇಳುವಂತೆ ಅರಚುತ್ತಿದ್ದೆವು. ಆ ತೂಕವನ್ನು ಟೀಚರಮ್ಮ ಕಾರ್ಡಿನಲ್ಲಿ ಚುಕ್ಕೆಯಾಗಿ ಇಟ್ಟು, ಹಿಂದಿನ ತಿಂಗಳ ಚುಕ್ಕೆಗೆ ಗೆರೆ ಎಳೆಯುವರು. ನಮ್ಮವ್ವನಿಗೆ ಓದು ಬಾರದು. ಆದರೆ ದಿನಾ ಚುಕ್ಕೆಯಿಟ್ಟು ರಂಗೋಲಿ ಎಳೆಯುವವಳಿಗೆ ಆ ಗೆರೆ ಮೇಲೆ ಹತ್ತಿತೋ ಅಡ್ಡಡ್ಡ ಹೋಯಿತೋ ತಿಳಿಯದೇ ಇರುತ್ತದೆಯೇ? ತಂಗಿಗೆ ಭೇದಿಯಾದ ತಿಂಗಳು ಗೆರೆ ಕೆಳಗಿಳಿದಿತ್ತು. ಆವತ್ತಿನಿಂದ ಅವ್ವ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ಅವಳಿಗೆ ಎರಡು ಹೊತ್ತು ಸರಿ ಕಾಯಿಸಿದಳು. ಮುಂದಿನ ಸಲ ಕಾರ್ಡನ್ನು ಟೀಚರಮ್ಮನ ಕೈಯಿಂದ ತಾನೇ ಇಸಿದುಕೊಂಡು ನೋಡಿದಳು. ನಮ್ಮ ಮನೆಯಲ್ಲಿ ಕಾಗದ ನೋಡಿ ವಿಷಯ ತಿಳಿದುಕೊಂಡ ಮೊದಲ ಹೆಂಗಸು ಅವಳೇ ಇರಬೇಕು.

ಅಕ್ಷರಗಳನ್ನು ಟೀಚರಮ್ಮ ವರ್ಣಮಾಲೆಯ ಸಾಲಿನಲ್ಲಿ ಹೇಳಿಕೊಡಲಿಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಒತ್ತು, ದೀರ್ಘದ ಕಾಟವಿಲ್ಲದೆ ಮಗು ಅಂದೇ ಓದಬಹುದು. ನಾನು ಯಾರೂ ಹೇಳಿಕೊಡದೆ ಓದಿದ ಮೊದಲ ಮಾತೂ ಇದರಲ್ಲೇ ಇತ್ತು. ನರಸೀಪುರದ ಬಸ್ ಸ್ಟ್ಯಾಂಡಿನ ಗೋಡೆಗೆ ಮೈಸೂರಿನ ವಸ್ತುಪ್ರದರ್ಶನದ ಪೋಸ್ಟರ್ ಅಂಟಿಸಿದ್ದರು. “ದ... ಸ... ರ...” ಅಂದೆ. ಕೊನೆಯಲ್ಲೊಂದು ಇಳಿ ಇತ್ತು, ಅದೇನೆಂದು ಗೊತ್ತಿರಲಿಲ್ಲ. “ದಸರ ಅಜ್ಜಿ, ದಸರ!” ಎಂದು ಕುಣಿದೆ.

ಅಜ್ಜಿ ಸುತ್ತ ನಿಂತಿದ್ದವರನ್ನೆಲ್ಲ ಒಂದು ಸಲ ನೋಡಿದಳು. “ವಿಜಯದಶಮಿ ದಿನ ಅಕ್ಕಿ ಮೇಲೆ ಬೆರಳಿಡಿಸಿ ಬರೆಸಿದ್ದು ನಾನೇಯಾ” ಅಂದಳು. ಟೀಚರಮ್ಮನ ಹೆಸರನ್ನು ಮಾತ್ರ ಅಪ್ಪಿತಪ್ಪಿಯೂ ಎತ್ತಲಿಲ್ಲ.